ಪಿಯಾನೋ ಕಲಿಯುವ ಮಕ್ಕಳೂ ಹಿಂದಿನ ಸಾಲಿನ ತಾತನೂ

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳೆದ ತಿಂಗಳು ದೀರ್ಘವಾದ ಪತ್ರವೊಂದನ್ನು ಬರೆದಿದ್ದಳು. “ಮೇಷ್ಟ್ರೇ, ಐದು ವರ್ಷದ ಮಗನನ್ನು ಪಿಯಾನೋ ತರಗತಿಗೆ ಸೇರಿಸಿದ್ದೇನೆ. ಅಲ್ಲಿ ಏಳೆಂಟು ಮಕ್ಕಳು ಒಟ್ಟಿಗೆ ಕಲಿಯುತ್ತಾರೆ. ನನಗಾಗಲಿ ನಮ್ಮ ಯಜಮಾನರಿಗಾಗಲಿ ಸಂಗೀತದ ಗಂಧಗಾಳಿಯಿಲ್ಲ. ಇವನು ಉಳಿದವರಿಗಿಂತ ಹಿಂದೆ ಬಿದ್ದಿದ್ದಾನೆ. ಬಿಡಿಸಿಬಿಡೋಣ ಎನ್ನುತ್ತಾರೆ ಇವರು. ನೀವು ಮೊಮ್ಮಗಳನ್ನು ಇಂಥದೇ ತರಗತಿಗೆ ಕರೆದೊಯ್ಯುತ್ತೀರೆಂದು ಕೇಳಿದೆ. ಏನು ಮಾಡಲಿ, ಹೇಳಿ” ಎಂಬುದು ಅದರ ಸಾರಾಂಶ. ಆಕೆಗೆ ಅಂದೇ ನಾಲ್ಕು ಸಾಲಿನ ಉತ್ತರವನ್ನು ಬರೆದೆ. ಆದರೆ ಹೇಳಬೇಕಾದದ್ದು ನಾಲ್ಕು ಸಾಲಿನಲ್ಲಿ ಮುಗಿಯುವಂಥದಲ್ಲವಾದ್ದರಿಂದ, ನಿಮ್ಮೆಲ್ಲರ ಮುಂದೆಯೂ ಇಡೋಣವೆಂದು ಈ ಲೇಖನ.

ಮೊದಲಿಗೆ ನನ್ನ ಅರ್ಹತೆಯನ್ನು ಹೇಳಿಬಿಡುತ್ತೇನೆ. ನಾನು ಮೂವತ್ತನಾಲ್ಕು ವರ್ಷ ಲೆಕ್ಕವನ್ನೂ ಕನ್ನಡವನ್ನೂ ಪಾಠ ಹೇಳಿದವನು, ಸಂಗೀತಗಾರನಲ್ಲ. ಆದರೆ ಬೆಂಗಳೂರಿನ ಮಗನ ಮನೆಗೆ ಬಂದ ಮೇಲೆ, ಎರಡೂವರೆ ವರ್ಷಗಳಿಂದ ಪ್ರತಿ ಶನಿವಾರ ಬೆಳಿಗ್ಗೆ ಮೊಮ್ಮಗಳು ಪುಟ್ಟಿಯ ಕೈಹಿಡಿದು ಪಿಯಾನೋ ತರಗತಿಗೆ ಹೋಗುತ್ತಿದ್ದೇನೆ. ಮಕ್ಕಳ ಜೊತೆ ಬಂದವರಿಗೆಂದು ಹಿಂದಿನ ಸಾಲಿನಲ್ಲಿ ಕುರ್ಚಿಗಳನ್ನು ಹಾಕಿರುತ್ತಾರೆ. ವೃತ್ತಿಯುದ್ದಕ್ಕೂ ತರಗತಿಯ ಮುಂದೆ ನಿಂತವನಿಗೆ ಈ ಇಳಿವಯಸ್ಸಿನಲ್ಲಿ ಹಿಂದಿನ ಸಾಲು ದೊರೆತದ್ದು ಒಂದು ಭಾಗ್ಯವೆಂದೇ ಭಾವಿಸಿದ್ದೇನೆ. ಇನ್ನೊಬ್ಬರು ಪಾಠ ಮಾಡುವುದನ್ನು ನಿಶ್ಚಿಂತೆಯಿಂದ ನೋಡುವ ಸುಖ ನಮ್ಮಂಥ ಉಪಾಧ್ಯಾಯರಿಗೆ ಸಿಗುವುದು ಅಪರೂಪ.

ಆ ತರಗತಿಯ ಚಿತ್ರವನ್ನು ಸ್ವಲ್ಪ ಕೊಡಬೇಕು. ಒಂದು ಕೋಣೆ, ಎಂಟು ಮಕ್ಕಳು, ಎಂಟು ಕೀಬೋರ್ಡುಗಳು. ಒಂದೊಂದರಲ್ಲಿ 61 ಮನೆಗಳು. ಹಾರ್ಮೋನಿಯಂ ಬಲ್ಲವರು ಒತ್ತುವ ಪಟ್ಟಿಯನ್ನು ‘ಮನೆ’ ಎನ್ನುವುದುಂಟಲ್ಲ, ನಾನೂ ಹಾಗೆಯೇ ಎನ್ನುತ್ತೇನೆ. ಮೂಲೆಯಲ್ಲಿ ಶಿಕ್ಷಕಿಯ ನಿಜವಾದ ಪಿಯಾನೋ. ಅದಕ್ಕೆ 88 ಮನೆಗಳು, 52 ಬಿಳಿಯವು, 36 ಕಪ್ಪು. ನೆಲದ ಮೇಲೆ ಐದು ಹಗ್ಗಗಳನ್ನು ಸಾಲಾಗಿ ಎಳೆದಿರುತ್ತಾರೆ. ಪಿಯಾನೋ ತರಗತಿಯೆಂದರೆ ಮಕ್ಕಳು ಮುಕ್ಕಾಲು ಗಂಟೆ ಮನೆಗಳನ್ನು ಒತ್ತುತ್ತಾ ಕೂರುತ್ತಾರೆಂದು ನಾನು ಎಣಿಸಿದ್ದೆ. ಅಲ್ಲಿ ನಡೆಯುವುದೇ ಬೇರೆ. ಹತ್ತು ನಿಮಿಷಕ್ಕಿಂತ ಹೆಚ್ಚು ಕಾಲ ಅವರನ್ನು ಒಂದೇ ಕಡೆ ಕೂರಿಸುವುದಿಲ್ಲ. ಹಾಡುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ತಾಳಕ್ಕೆ ಸರಿಯಾಗಿ ಕೋಣೆಯ ಸುತ್ತ ನಡೆಯುತ್ತಾರೆ, ಹಗ್ಗದಿಂದ ಹಗ್ಗಕ್ಕೆ ಜಿಗಿಯುತ್ತಾರೆ. ನಡುವೆ ಬಂದು ನಾಲ್ಕು ಸ್ವರ ನುಡಿಸಿ ಮತ್ತೆ ಏಳುತ್ತಾರೆ.

ಚಿಕ್ಕ ಮಕ್ಕಳಿಗೆ ಹೀಗೆ ಗುಂಪಿನಲ್ಲಿ, ತಂದೆತಾಯಿಯರನ್ನು ಜೊತೆಗಿರಿಸಿಕೊಂಡು ಕಲಿಸುವ ಕ್ರಮ ಜಪಾನಿನಲ್ಲಿ ಚೆನ್ನಾಗಿ ಬೆಳೆಯಿತು. ಷಿನಿಚಿ ಸುಜುಕಿ (1898–1998) ಎಂಬ ಪಿಟೀಲು ಶಿಕ್ಷಕರು, ಪ್ರತಿಯೊಂದು ಮಗುವೂ ತಾಯ್ನುಡಿಯನ್ನು ಕೇಳಿ ಕೇಳಿಯೇ ಕಲಿಯುತ್ತದಲ್ಲವೇ, ಸಂಗೀತವನ್ನೂ ಹಾಗೆಯೇ ಏಕೆ ಕಲಿಯಬಾರದು ಎಂದು ಯೋಚಿಸಿ ಒಂದು ಪದ್ಧತಿಯನ್ನೇ ಕಟ್ಟಿದರು. ಅದರಲ್ಲಿ ಮನೆಯ ದೊಡ್ಡವರೊಬ್ಬರು ಪಾಠದಲ್ಲಿ ಕುಳಿತು, ಮನೆಗೆ ಹೋದ ಮೇಲೆ ಸಹಾಯಕ ಗುರುವಾಗಬೇಕು. 1954ರಲ್ಲಿ ಯಮಾಹಾ ಸಂಸ್ಥೆ ಟೋಕಿಯೋದಲ್ಲಿ ಆರಂಭಿಸಿದ ಮಕ್ಕಳ ಸಂಗೀತ ತರಗತಿಯೂ ಮುಂದೆ ಅನೇಕ ದೇಶಗಳಿಗೆ ಹರಡಿತು. ಮೊದಲು ಕೇಳುವುದು, ಆಮೇಲೆ ಹಾಡುವುದು, ಅನಂತರ ನುಡಿಸುವುದು, ಓದುವುದು ಅದರ ಬಳಿಕ ಎಂಬುದು ಅಲ್ಲಿಯ ಕ್ರಮ. ಯೋಚಿಸಿದರೆ ಇದು ನಮಗೆ ಹೊಸತಲ್ಲ. ನಮ್ಮ ಪಾಟಿನ ಮೇಷ್ಟ್ರುಗಳ ಮನೆಯ ಜಗಲಿಯಲ್ಲಿ ಹತ್ತು ಮಕ್ಕಳು ಒಟ್ಟಿಗೆ ಕುಳಿತು ಸರಳೆ ವರಸೆ ಹೇಳುತ್ತಿರಲಿಲ್ಲವೇ? ಪುಸ್ತಕ ತೆರೆಯುವುದಕ್ಕೆ ಮುಂಚೆಯೇ ಸ್ವರ ಬಾಯಿಗೆ ಬಂದಿರುತ್ತಿತ್ತು.

ಪಿಯಾನೋ ನಮ್ಮದಲ್ಲ, ನಮಗೇಕೆ ಎಂದು ನಮ್ಮ ನೆಂಟರಲ್ಲಿ ಕೆಲವರು ಮೂಗು ಮುರಿದದ್ದುಂಟು. ಅವರಿಗೆ ನಾನು ಮೈಸೂರಿನ ಮಹಾರಾಜರನ್ನು ನೆನಪಿಸುತ್ತೇನೆ. ಜಯಚಾಮರಾಜೇಂದ್ರ ಒಡೆಯರು (1919–1974) ಪಿಯಾನೋ ವಾದನವನ್ನು ಶ್ರದ್ಧೆಯಿಂದ ಕಲಿತು, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿಯನ್ನು ಪಡೆದಿದ್ದರು. ರಷ್ಯಾದಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಡ್ಟ್‌ನರ್ ಎಂಬ ವಾಗ್ಗೇಯಕಾರರು ಮುಪ್ಪಿನಲ್ಲಿ ಕಷ್ಟದಲ್ಲಿದ್ದಾಗ, 1940ರ ದಶಕದ ಕೊನೆಯಲ್ಲಿ ಅವರ ಕೃತಿಗಳನ್ನು ಅವರಿಂದಲೇ ನುಡಿಸಿ ಧ್ವನಿಮುದ್ರಿಸಲು ಹಣ ಕೊಟ್ಟವರು ನಮ್ಮ ಮಹಾರಾಜರು. ಅದೇ ಮಹಾರಾಜರು ಕರ್ನಾಟಕ ಸಂಗೀತದಲ್ಲಿ ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನು ‘ಶ್ರೀವಿದ್ಯಾ’ ಮುದ್ರೆಯಲ್ಲಿ ರಚಿಸಿದರು. ಒಂದು ಮನಸ್ಸಿನಲ್ಲಿ ಎರಡು ಸಂಗೀತಗಳಿಗೂ ಜಾಗವಿರುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೆ?

ಇನ್ನು ಸಂಗೀತಶಾಸ್ತ್ರದ ಮಾತು. ಐದು ವರ್ಷದ ಮಗುವಿಗೆ ಶಾಸ್ತ್ರವೇ ಎಂದು ಬೆದರಬೇಡಿ. ಮೊದಲ ವರ್ಷದ ಶಾಸ್ತ್ರವೆಲ್ಲ ಎರಡೇ ಪ್ರಶ್ನೆಗಳಲ್ಲಿ ಅಡಗಿದೆ: ಸ್ವರ ಎಷ್ಟು ಎತ್ತರದಲ್ಲಿದೆ? ಎಷ್ಟು ಹೊತ್ತು ನಿಲ್ಲುತ್ತದೆ? ಎತ್ತರವನ್ನು ತೋರಿಸಲು ಐದು ಗೆರೆಗಳು ಮತ್ತು ಅವುಗಳ ನಡುವಿನ ನಾಲ್ಕು ಎಡೆಗಳು. ಗೆರೆಗಳ ಮೇಲೆ ಸ್ವರವನ್ನಿಡುವ ಕ್ರಮವನ್ನು ಹದಗೊಳಿಸಿದವನು ಹನ್ನೊಂದನೆಯ ಶತಮಾನದ ಇಟಲಿಯ ಸನ್ಯಾಸಿ ಗೀದೋ. ಮಠದಲ್ಲಿ ಹಾಡುವ ಹುಡುಗರು ಒಂದೊಂದು ಹಾಡನ್ನೂ ಕಿವಿಯಿಂದಲೇ ಕಲಿಯುವುದಕ್ಕೆ ವರ್ಷಗಟ್ಟಲೆ ಹಿಡಿಯುತ್ತಿದ್ದುದನ್ನು ಕಂಡು, ಅವರ ಶ್ರಮವನ್ನು ಕಡಿಮೆ ಮಾಡಲು ಹೊರಟವನು ಅವನು. ಸಾವಿರ ವರ್ಷದ ಹಿಂದಿನ ಒಬ್ಬ ಮೇಷ್ಟ್ರು ಮಕ್ಕಳ ಕಷ್ಟಕ್ಕೆ ಮರುಗಿದ್ದರ ಫಲ ಇಂದು ನಮ್ಮ ಪುಟ್ಟಿ ಜಿಗಿಯುವ ಆ ಹಗ್ಗಗಳು!

ಎಷ್ಟು ಹೊತ್ತು ಎಂಬುದು ನನ್ನಂಥ ಲೆಕ್ಕದ ಮೇಷ್ಟ್ರಿಗೆ ಪ್ರಿಯವಾದ ಭಾಗ. ಅಲ್ಲಿ ಒಂದು ಪೂರ್ಣ ಸ್ವರ ನಾಲ್ಕೆಣಿಕೆಯಷ್ಟು ನಿಲ್ಲುತ್ತದೆ, ಅದರ ಅರ್ಧ ಎರಡೆಣಿಕೆ, ಕಾಲು ಒಂದೆಣಿಕೆ, ಎಂಟನೆಯ ಒಂದು ಭಾಗ ಅರ್ಧ ಎಣಿಕೆ. ಆದರೆ ಶಾಲೆಯಲ್ಲಿ ಭಿನ್ನರಾಶಿ ಬರುವುದು ಇದಕ್ಕಿಂತ ಎಷ್ಟೋ ತಡವಾಗಿ. ಐದು ವರ್ಷದ ಮಗುವಿಗೆ ‘ಎಂಟನೆಯ ಒಂದು’ ಎಂದರೆ ಏನು ತಿಳಿದೀತು? ಆ ಶಿಕ್ಷಕಿ ಭಿನ್ನರಾಶಿಯ ಮಾತನ್ನೇ ಎತ್ತುವುದಿಲ್ಲ. ಕಾಲು ಸ್ವರಕ್ಕೆ ‘ತಾ’, ಎಂಟನೆಯ ಸ್ವರಗಳ ಜೋಡಿಗೆ ‘ತಿತಿ’ ಎಂದು ಹೇಳಿಸುತ್ತಾರೆ. ‘ತಾ’ ಎಂದರೆ ನಡಿಗೆ, ‘ತಿತಿ’ ಎಂದರೆ ಓಟ. ಹಂಗೆರಿಯ ಜೋಲ್ತಾನ್ ಕೊದಾಯ್ (1882–1967) ಅವರ ಹೆಸರಿನ ಪದ್ಧತಿಯಲ್ಲಿ ಇಂಥ ಉಕ್ತಿಗಳು ಬಳಕೆಯಲ್ಲಿವೆಯಂತೆ. ಕೇಳಿದೊಡನೆ ನನಗೆ ನಮ್ಮ ಕೊನ್ನಕೋಲು ನೆನಪಾಯಿತು. ಮನೆಯಲ್ಲಿ ನಾನು ಪುಟ್ಟಿಗೆ ‘ತಕ’ ಎಂದು ಎರಡು, ‘ತಕಿಟ’ ಎಂದು ಮೂರು, ‘ತಕಧಿಮಿ’ ಎಂದು ನಾಲ್ಕು ಹೇಳಿಕೊಟ್ಟೆ. ಮೂರೆಣಿಕೆಯ ಒಂದು ಪಾಠ ಬಂದಾಗ ಉಳಿದ ಮಕ್ಕಳು ಒಂದು-ಎರಡು-ಮೂರು ಎಂದು ಎಣಿಸುತ್ತಿದ್ದರೆ, ಇವಳು ‘ತಕಿಟ ತಕಿಟ’ ಎನ್ನುತ್ತಿದ್ದಳು. ಶಿಕ್ಷಕಿ ನಕ್ಕು, ಮುಂದಿನ ವಾರ ಎಂಟೂ ಮಕ್ಕಳಿಂದ ‘ತಕಿಟ’ ಹೇಳಿಸಿದರು.

ಸ್ವರದ ಹೆಸರಿನಲ್ಲಿ ಮಾತ್ರ ನಮ್ಮ ಮನೆಯಲ್ಲಿ ಒಂದು ಸಣ್ಣ ಜಗಳವೇ ಆಯಿತು. ನನ್ನ ಹೆಂಡತಿ ಬಾಲ್ಯದಲ್ಲಿ ಸಂಗೀತ ಕಲಿತವಳು. ಅವಳು ಷಡ್ಜ ಹಿಡಿಯುವುದು ಐದು ಮನೆಯ ಶ್ರುತಿಗೆ. “ಅಜ್ಜಿ, ಅದು ‘ಸ’ ಅಲ್ಲ, ಅದು ‘ಜಿ’!” ಎಂದು ಪುಟ್ಟಿಯ ಆಕ್ಷೇಪಣೆ. ಅಜ್ಜಿಗೆ ಕೋಪ. ವಿಷಯವಿಷ್ಟೆ: ನಮ್ಮ ಷಡ್ಜ ಹಾಡುವವರ ಕಂಠವನ್ನು ಅನುಸರಿಸಿ ಎಲ್ಲಿ ಬೇಕಾದರೂ ಕೂರಬಹುದು, ಪಿಯಾನೋದ ‘ಸಿ’, ‘ಜಿ’ಗಳು ಊರಿನ ಮೈಲಿಗಲ್ಲಿನಂತೆ ನೆಟ್ಟಲ್ಲೇ ನಿಂತಿರುತ್ತವೆ. ಮೈಲಿಗಲ್ಲೂ ಸುಳ್ಳಲ್ಲ, ನಡೆಯುವವನು ಎಲ್ಲಿಂದ ಹೊರಟ ಎಂಬುದೂ ಸುಳ್ಳಲ್ಲ. ಹೀಗೆಂದು ಬಿಡಿಸಿ ಹೇಳಿದ ಮೇಲೆ ಅಜ್ಜಿ ಮೊಮ್ಮಗಳು ರಾಜಿಯಾದರು.

ಆ ಮೇಲೆ ಅವರಿಬ್ಬರೂ ಸೇರಿ ಒಂದು ಆಟವನ್ನೇ ಕಂಡುಕೊಂಡರು. ಪುಟ್ಟಿ ‘ಸಿ’ಯಿಂದ ಬಿಳಿ ಮನೆಗಳನ್ನು ಮಾತ್ರ ಸಾಲಾಗಿ ನುಡಿಸಿದರೆ, ಅಜ್ಜಿ “ಶಂಕರಾಭರಣ” ಎನ್ನುತ್ತಾಳೆ. ಅದೇ ಬಿಳಿ ಮನೆಗಳನ್ನು ‘ಡಿ’ಯಿಂದ ಹೊರಟು ನುಡಿಸಿದರೆ ಖರಹರಪ್ರಿಯ, ‘ಇ’ಯಿಂದ ತೋಡಿ, ‘ಎಫ್’ನಿಂದ ಕಲ್ಯಾಣಿ, ‘ಜಿ’ಯಿಂದ ಹರಿಕಾಂಭೋಜಿ, ‘ಎ’ಯಿಂದ ನಟಭೈರವಿ. ‘ಬಿ’ಯಿಂದ ಹೊರಟರೆ ಮಾತ್ರ ಪಂಚಮವೇ ಸಿಗದೆ ರಾಗ ಕೂರುವುದಿಲ್ಲ. ನಮ್ಮವರು ಗ್ರಹಭೇದವೆಂದು ಹೇಳುವುದು ಇದನ್ನೇ. ಸರಳೆ ವರಸೆಯ ಮಾಯಾಮಾಳವಗೌಳಕ್ಕಾದರೋ ‘ಸಿ’ಯಿಂದ ಹೊರಟರೆ ರಿಷಭಕ್ಕೂ ಧೈವತಕ್ಕೂ ಕಪ್ಪು ಮನೆಗಳು ಬೇಕು. ಇದನ್ನು ಪುಟ್ಟಿ ತಾನೇ ಕಿವಿಯಿಂದ ಹುಡುಕಿ ಹಿಡಿದಳು. ತೋಡಿಯ ಗಾಂಧಾರ ಪಿಯಾನೋದಲ್ಲಿ ನಿಂತಲ್ಲೇ ನಿಲ್ಲುತ್ತದೆ, ಗಮಕದಿಂದ ತೂಗುವುದಿಲ್ಲ ಎಂದು ಅಜ್ಜಿಯ ಕೊರಗು ಇದ್ದೇ ಇದೆ. ಅದು ನ್ಯಾಯವಾದ ಕೊರಗೇ. ಆದರೂ ಮನೆಯಲ್ಲಿ ಗೊತ್ತಿರುವ ಯಾವ ಸಂಗೀತವೇ ಆಗಲಿ, ಭಜನೆಯೋ ಜೋಗುಳವೋ ಸಂಪ್ರದಾಯದ ಹಾಡೋ, ಅದು ಮಗುವಿನ ತರಗತಿಗೆ ಅಡ್ಡಿಯಾಗುವುದಿಲ್ಲ, ಆಸರೆಯಾಗುತ್ತದೆ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಎಲ್ಲವೂ ಹೀಗೆ ಸುಗಮವಾಗಿಯೇ ನಡೆಯಿತೆಂದು ಭಾವಿಸಬೇಡಿ. ಎಂಟನೆಯ ತಿಂಗಳ ಹೊತ್ತಿಗೆ ಎರಡು ಕೈ ಸೇರಿಸಿ ನುಡಿಸುವ ಪಾಠಗಳು ಬಂದವು. ಬಲಗೈಯಲ್ಲಿ ಹಾಡು, ಎಡಗೈಯಲ್ಲಿ ನಿಧಾನದ ಸ್ವರ. ಪುಟ್ಟಿಯ ಎಡಗೈ ಬಲಗೈಯನ್ನೇ ಅನುಕರಿಸಿ ಓಡತೊಡಗಿತು. ಪಕ್ಕದ ಹುಡುಗ ಮೂರೇ ದಿನಕ್ಕೆ ಕಲಿತುಬಿಟ್ಟ. ಹಿಂದಿನ ಸಾಲಿನಲ್ಲಿ ಕುಳಿತ ತಾಯಂದಿರು, “ನಮ್ಮವನು ಎರಡನೆಯ ಪುಸ್ತಕಕ್ಕೆ ಬಂದ, ನಿಮ್ಮವಳು?” ಎಂದು ಪರಸ್ಪರ ಕೇಳಿಕೊಳ್ಳುವುದು ಮಕ್ಕಳ ಕಿವಿಗೂ ಬೀಳುತ್ತಿತ್ತು. ಎರಡು ಶನಿವಾರ ಪುಟ್ಟಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಬಂತು. ಮೂರನೆಯ ಶನಿವಾರ ಬಸ್ ನಿಲ್ದಾಣದಲ್ಲಿ ನನ್ನ ಬೆರಳನ್ನು ಜಗ್ಗಿ, “ತಾತ, ನಾನು ದಡ್ಡೀನಾ?” ಎಂದು ಕೇಳಿದಳು.

ಮಕ್ಕಳೇ, ಈ ಪ್ರಶ್ನೆಯನ್ನು ನಾನು ಶಾಲೆಯಲ್ಲಿ ಅನೇಕ ಕಣ್ಣುಗಳಲ್ಲಿ ಓದಿದ್ದೇನೆ. ಮಗ್ಗಿ ಬಾರದೆ ನಿಂತ ಮಗುವಿನ ಕಣ್ಣುಗಳವು. ಬಾಯಿ ಬಿಟ್ಟು ಕೇಳುವವರು ಕಡಿಮೆ. ಆರು ವರ್ಷಕ್ಕೆ ತನ್ನನ್ನು ತಾನು ದಡ್ಡಿಯೆಂದು ತೀರ್ಮಾನಿಸಿಕೊಂಡ ಮಗು ಪಿಯಾನೋವನ್ನು ಬಿಟ್ಟರೆ ನಷ್ಟವೇನೂ ದೊಡ್ಡದಲ್ಲ. ಆದರೆ ಆ ತೀರ್ಮಾನವನ್ನು ಹೊತ್ತುಕೊಂಡು ಶಾಲೆಗೂ ಹೋಗುತ್ತದಲ್ಲ, ಅದು ದೊಡ್ಡ ನಷ್ಟ. “ದಡ್ಡಿಯಾದವಳು ಅಜ್ಜಿಗೆ ಖರಹರಪ್ರಿಯ ತೋರಿಸುತ್ತಿದ್ದಳೇನೇ?” ಎಂದಷ್ಟೇ ಅಂದು ಹೇಳಿದೆ.

ಅಂದು ರಾತ್ರಿ ಮನೆಯಲ್ಲಿ ಚರ್ಚೆಯಾಯಿತು. ಮಗ, “ಒಬ್ಬರಿಗೊಬ್ಬರೇ ಹೇಳಿಕೊಡುವ ಪಾಠಕ್ಕೆ ಹಾಕೋಣ, ಹಣ ಹೆಚ್ಚಾದರೂ ಸರಿ” ಎಂದ. ಸೊಸೆ, “ಇಷ್ಟವಿಲ್ಲದ್ದನ್ನು ಹೇರುವುದು ಬೇಡ ಮಾವ, ಬಿಡಿಸೋಣ” ಎಂದಳು. ಇಬ್ಬರ ಮಾತಿನಲ್ಲೂ ಪ್ರೀತಿಯೇ ಇತ್ತು. “ಮೊದಲು ಶಿಕ್ಷಕಿಯನ್ನು ಕೇಳೋಣ. ಯುಗಾದಿಯವರೆಗೆ ನೋಡಿ ಆಮೇಲೆ ನಿರ್ಧರಿಸೋಣ” ಎಂದು ನಾನು ಕೇಳಿಕೊಂಡೆ.

ಶಿಕ್ಷಕಿಯನ್ನು ಮಗುವಿಲ್ಲದ ಹೊತ್ತಿನಲ್ಲಿ ಕಂಡೆ. ಆಕೆ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ. ಈ ವಯಸ್ಸಿನಲ್ಲಿ ಒಂದು ಕೈ ಇನ್ನೊಂದು ಕೈಯನ್ನು ಅನುಕರಿಸುವುದು ಸಹಜ. ಎರಡೂ ಬೇರೆ ಬೇರೆ ಕೆಲಸ ಮಾಡುವ ಶಕ್ತಿ ಒಂದೊಂದು ಮಗುವಿಗೆ ಒಂದೊಂದು ಕಾಲದಲ್ಲಿ ಬರುತ್ತದೆ. ಹಲ್ಲು ಹುಟ್ಟುವ ಹಾಗೆ. ಬೇಗ ಬಂದವನು ಜಾಣನೂ ಅಲ್ಲ, ತಡವಾದವಳು ದಡ್ಡಿಯೂ ಅಲ್ಲ. ಅಲ್ಲಿಯವರೆಗೆ ಒಂದೊಂದೇ ಕೈ ನುಡಿಸಲಿ. ಮನೆಯಲ್ಲಿ ವಾದ್ಯ ಮುಟ್ಟದೆ ತೊಡೆಯ ಮೇಲೆ ಎಡಗೈ ಒಂದು ಪೆಟ್ಟು, ಬಲಗೈ ಎರಡು ಪೆಟ್ಟು ತಟ್ಟುವ ಆಟವಾಡಲಿ ಎಂದರು.

ಅಂದಿನಿಂದ ದಿನಕ್ಕೆ ಏಳೆಂಟು ನಿಮಿಷ, ಸಂಜೆ ಹಾಲು ಕುಡಿದ ಮೇಲೆ. ಅದಕ್ಕಿಂತ ಹೆಚ್ಚಿಲ್ಲ. ಶುಕ್ರವಾರ ಒಂದು ಗಂಟೆ ತಿಕ್ಕುವುದಕ್ಕಿಂತ ದಿನವೂ ಏಳು ನಿಮಿಷ ಮೇಲು. ಮಗ್ಗಿ ಕಲಿಸಿದವರಿಗೆಲ್ಲ ಇದು ಗೊತ್ತು. ಜೊತೆಗೆ ನಾನೂ ಶಿಷ್ಯನಾದೆ. ಎಪ್ಪತ್ತು ದಾಟಿದ ನನ್ನ ಬೆರಳುಗಳು ಕೊರಡಿನಂತೆ. ನಾಲ್ಕನೆಯ ಬೆರಳನ್ನು ಎತ್ತಿದರೆ ಐದನೆಯದೂ ಏಳುತ್ತದೆ. ಪುಟ್ಟಿ ಸೊಂಟದ ಮೇಲೆ ಕೈಯಿಟ್ಟು, “ನಿಧಾನ ತಾತ, ಒಂದೇ ಕೈ ಸಾಕು, ಇನ್ನೊಂದು ಸಲ” ಎಂದು ಹೇಳಿಕೊಡುವಾಗ ಅವಳ ಮುಖದಲ್ಲಿ ಕಂಡ ಗಾಂಭೀರ್ಯವನ್ನು ಏನೆಂದು ಬಣ್ಣಿಸಲಿ! ತನಗಿಂತ ನಿಧಾನವಾಗಿ ಕಲಿಯುವ ದೊಡ್ಡವರೂ ಲೋಕದಲ್ಲಿದ್ದಾರೆ, ಅವರು ಅದಕ್ಕಾಗಿ ಅಳುವುದಿಲ್ಲ ಎಂಬುದು ಅವಳಿಗೆ ಕಣ್ಣೆದುರೇ ಕಂಡಿತು.

ಗುಂಪಿನ ಪಾಠದ ನಿಜವಾದ ಗುಣ ತಿಳಿದದ್ದು ಆ ವರ್ಷದ ಕೊನೆಯಲ್ಲಿ. ಮಕ್ಕಳೆಲ್ಲ ಸೇರಿ ‘ಫ್ರೇರ್ ಜಾಕ್’ ಎಂಬ ಫ್ರೆಂಚ್ ಮಕ್ಕಳ ಹಾಡನ್ನು ನುಡಿಸಬೇಕಾಗಿತ್ತು. ಅದನ್ನು ಒಬ್ಬರು ಆರಂಭಿಸಿದ ಮೇಲೆ ಎರಡನೆಯವರು ಸ್ವಲ್ಪ ತಡವಾಗಿ ಅದೇ ಹಾಡನ್ನು ಹಿಡಿಯುತ್ತಾರೆ, ಆಮೇಲೆ ಮೂರನೆಯವರು. ಎಲ್ಲವೂ ಒಂದರ ಮೇಲೊಂದು ಬಿದ್ದರೂ ಹೊಂದಿಕೊಳ್ಳುತ್ತವೆ. ಶಿಕ್ಷಕಿ ಪುಟ್ಟಿಗೆ ಕೊಟ್ಟದ್ದು ಎಡಗೈಯ ಕೆಲಸ ಮಾತ್ರ: ‘ಸಿ’, ಕೆಳಗಿನ ‘ಜಿ’, ಮತ್ತೆ ‘ಸಿ’. ಹಾಡಿನ ಉದ್ದಕ್ಕೂ ಅದೇ ಮೂರು ಪೆಟ್ಟು. ಕನಿಕರದಿಂದ ಕೊಟ್ಟ ಸುಲಭದ ಪಾಲಲ್ಲ ಅದು. ಇಡೀ ಹಾಡು ನಿಲ್ಲುವುದೇ ಅದರ ಮೇಲೆ. ತಂಬೂರಿಯಿಲ್ಲದ ಕಚೇರಿಯನ್ನು ಊಹಿಸಿಕೊಳ್ಳಿ. ನಡುವೆ ಇಬ್ಬರು ಮಕ್ಕಳು ತಾಳ ತಪ್ಪಿ ನಿಂತುಬಿಟ್ಟರು. ಪುಟ್ಟಿ ನಿಲ್ಲಲಿಲ್ಲ. ಅವಳ ಮೂರು ಪೆಟ್ಟನ್ನು ಕೇಳಿ ಅವರು ಮತ್ತೆ ಸೇರಿಕೊಂಡರು. ಒಬ್ಬೊಬ್ಬರಿಗೇ ಹೇಳಿಕೊಡುವ ಪಾಠದಲ್ಲಿ ಮಗುವಿಗೆ ಬೆರಳಿನ ಅಚ್ಚುಕಟ್ಟು ಬೇಗ ಬರಬಹುದು. ಆದರೆ ಇತರರನ್ನು ಕೇಳಿಸಿಕೊಳ್ಳುತ್ತ ತನ್ನ ಪಾಲನ್ನು ಬಿಡದೆ ನಡೆಸುವ ವಿದ್ಯೆಗೆ ಇತರರು ಇರಲೇಬೇಕಲ್ಲವೇ?

ಯುಗಾದಿ ಬಂದಾಗ ಬಿಡಿಸುವ ಮಾತನ್ನು ಯಾರೂ ಎತ್ತಲಿಲ್ಲ. ಎರಡು ಕೈ ಸೇರಿಸುವುದು ಅವಳಿಗೆ ಒಲಿದದ್ದು ಇನ್ನೂ ನಾಲ್ಕು ತಿಂಗಳ ಮೇಲೆ, ಒಂದು ಸಂಜೆ, ಯಾವ ಸದ್ದುಗದ್ದಲವೂ ಇಲ್ಲದೆ. ಈಗ ಅವಳಿಗೆ ಎಂಟು ತುಂಬುತ್ತಿದೆ. ನೋಡಿ ನುಡಿಸುವುದರಲ್ಲಿ ಇಂದಿಗೂ ಗುಂಪಿನಲ್ಲಿ ಹಿಂದೆಯೇ. ಕೇಳಿ ನುಡಿಸುವುದರಲ್ಲಿ ಮುಂದೆ. ಇರಲಿ.

ಗುಂಪಿನ ತರಗತಿ ಎಲ್ಲ ಮಕ್ಕಳಿಗೂ ಒಪ್ಪುತ್ತದೆಂದು ನಾನು ಹೇಳಲಾರೆ. ಸದ್ದು ಹೆಚ್ಚಾದರೆ ಕಿವಿ ಮುಚ್ಚಿಕೊಂಡು ಕಂಗೆಡುವ ಮಕ್ಕಳಿರುತ್ತಾರೆ. ಅವರಿಗೆ ಒಂಟಿ ಪಾಠವೇ ಲೇಸು. ಒಂದೇ ಕೋಣೆಯಲ್ಲಿ ಹದಿನೈದು ಮಕ್ಕಳನ್ನು ತುಂಬಿ, ಒಬ್ಬೊಬ್ಬರ ಕೈಯನ್ನು ನೋಡಲು ಶಿಕ್ಷಕರಿಗೆ ಬಿಡುವೇ ಇಲ್ಲದಿದ್ದರೆ ಅದು ಪಾಠವಲ್ಲ, ಸಂತೆ. ಮಗು ಎಂಟೊಂಬತ್ತು ವರ್ಷಕ್ಕೆ ಬಂದು ಬೆರಳುಗಳ ಸೂಕ್ಷ್ಮ ಕೆಲಸ ಆರಂಭವಾದಾಗ ಒಂಟಿ ಪಾಠವನ್ನೂ ಜೊತೆಗೆ ಸೇರಿಸಿಕೊಳ್ಳುವುದು ಒಳ್ಳೆಯದೆಂದು ಶಿಕ್ಷಕಿಯೇ ಹೇಳುತ್ತಾರೆ.

ಇನ್ನು ಪತ್ರ ಬರೆದ ಹುಡುಗಿಗೂ, ಅವಳಂತೆ ಯೋಚಿಸುತ್ತಿರುವ ಉಳಿದವರಿಗೂ ನಾನು ಕಂಡುಕೊಂಡ ಕೆಲವು ಮಾತುಗಳು:

1. ಸಂಗೀತ ಬಾರದಿದ್ದರೂ ತರಗತಿಯಲ್ಲಿ ಕುಳಿತುಕೊಳ್ಳಿ, ಮೊಬೈಲನ್ನು ಚೀಲದಲ್ಲಿಡಿ. ಮನೆಗೆ ಬಂದ ಮೇಲೆ ಮಗುವಿಗೆ ಜ್ಞಾಪಿಸಲು ಅಷ್ಟು ಸಾಕು. ಪಾಠದ ನಡುವೆ ಮಾತ್ರ ತಿದ್ದಬೇಡಿ. ಒಂದು ತರಗತಿಗೆ ಒಬ್ಬರೇ ಗುರು.

2. ಮೊದಲಿಗೆ ದುಬಾರಿ ವಾದ್ಯ ಬೇಡ. ಆದರೆ ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ನುಡಿಯುವ ಕೀಬೋರ್ಡನ್ನೇ ಕೊಳ್ಳಿ. ಪಿಯಾನೋ ಎಂಬ ಹೆಸರೇ ‘ಮೆಲ್ಲಗೆ-ಜೋರಾಗಿ’ ಎಂಬರ್ಥದ ಇಟಾಲಿಯನ್ ಮಾತಿನ ತುಣುಕು. ಮೊಣಕೈ ಮನೆಗಳ ಮಟ್ಟಕ್ಕೆ ಬರುವಂತೆ ಕೂರಿಸಿ, ಕಾಲು ತೂಗಾಡದಂತೆ ಕೆಳಗೊಂದು ಮಣೆಯಿಡಿ.

3. ಹೊಸ ಪಾಠಕ್ಕಿಂತ ಬಂದಿರುವ ಹಳೆಯ ಹಾಡನ್ನೇ ಮೊದಲು ನುಡಿಸಲಿ. ಬರುವುದನ್ನು ನುಡಿಸಿದ ಸಂತೋಷ ಬಾರದ್ದರ ಬಳಿಗೆ ಕರೆದೊಯ್ಯುತ್ತದೆ.

4. ಪರೀಕ್ಷೆಗೆ ಅವಸರಿಸಬೇಡಿ. ಲಂಡನ್ನಿನ ಟ್ರಿನಿಟಿ ಮೊದಲಾದ ಮಂಡಳಿಗಳ ಒಂದರಿಂದ ಎಂಟರವರೆಗಿನ ಗ್ರೇಡುಗಳು ಎಲ್ಲಿಗೂ ಓಡಿಹೋಗುವುದಿಲ್ಲ.

5. ಪಕ್ಕದ ಮಗುವಿನ ಪುಸ್ತಕ ಎಷ್ಟನೆಯದು ಎಂದು ಮಗುವಿನ ಎದುರು ಕೇಳಲೇಬೇಡಿ. ಹೋದ ತಿಂಗಳ ನಿಮ್ಮ ಮಗುವಿನೊಡನೆ ಈ ತಿಂಗಳ ನಿಮ್ಮ ಮಗುವನ್ನು ಹೋಲಿಸಿ.

ಹಾಗಾದರೆ ಬಿಡಿಸಬೇಕೇ, ಬೇಡವೇ? ತಂಗೀ, ನಿನ್ನ ಮಗ ಹಿಂದೆ ಬಿದ್ದಿದ್ದಾನೆಂಬುದು ಬಿಡಿಸಲು ಕಾರಣವಲ್ಲ. ಅವನು ಸ್ನಾನ ಮಾಡುವಾಗ, ಚಪ್ಪಲಿ ಹಾಕಿಕೊಳ್ಳುವಾಗ ತರಗತಿಯ ಹಾಡನ್ನು ಗುನುಗುತ್ತಾನೆಯೇ ಎಂದು ಒಂದು ವಾರ ಗಮನಿಸು. ಗುನುಗುತ್ತಿದ್ದರೆ ಸಂಗೀತ ಅವನೊಳಗೆ ಇಳಿಯುತ್ತಿದೆ, ಬೆರಳುಗಳು ನಿಧಾನವಾಗಿ ಬಂದು ಸೇರಿಕೊಳ್ಳುತ್ತವೆ. ಗುನುಗದೆ, ಶನಿವಾರವೆಂದರೆ ಮುಖ ಬಾಡುತ್ತಿದ್ದರೆ, ಮೊದಲು ಶಿಕ್ಷಕರನ್ನು ಕೇಳು, ಆಮೇಲೆ ಅವನನ್ನೇ ಕೇಳು. ಅದಾದ ಮೇಲೂ ಬೇಡವೆಂದರೆ ಬಿಡಿಸು. ಅದರಲ್ಲಿ ಅವಮಾನವೇನೂ ಇಲ್ಲ. ಏನಾಯಿತೆಂದು ನನಗೆ ಬರೆಯುವುದನ್ನು ಮರೆಯಬೇಡ. ಮಗುವಿಗೆ ಈ ಮೇಷ್ಟ್ರ ಆಶೀರ್ವಾದ ತಿಳಿಸು.